ಗಟಾರಕ್ಕೆ ಬಿದ್ದ ಮಹನೀಯರು

ಎರಡು ಪುಟಗಳಿಗೆ ಅಡ್ಡಲಾಗಿ ಹರಡಿಕೊಂಡ ಆ ಗುಂಪುಚಿತ್ರವನ್ನು ನೀವೂ ನೋಡಿರುತ್ತೀರಿ. ಯಾವ ಪತ್ರಿಕೆ ಎಂಬ ವಿಚಾರಣೆ ಬೇಡ, ಎಲ್ಲದರಲ್ಲೂ ಬರುತ್ತದೆ. ಮೊನ್ನೆ ನನ್ನ ಕೈಗೆ ಸಿಕ್ಕಿದ್ದರಲ್ಲಿ ಎಡಕ್ಕೆ ಐವರು, ಬಲಕ್ಕೆ ಐವರು, ನಡುವೆ ಒಂದು ಕಿವಿ. ಗುಂಪುಚಿತ್ರದಲ್ಲಿ ನಡುಕುರ್ಚಿ ಯಾರಿಗೆ ಸಲ್ಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಲೇಖನ ಇದ್ದದ್ದೇ ಆ ಕಿವಿಯವರ ಬಗ್ಗೆ. ಅಂಚಿನಲ್ಲಿ ಸುಮ್ಮನೆ ಬಂದು ನಿಂತವರ ಹಲ್ಲುಗಳನ್ನು ಮಾತ್ರ ಎಣಿಸಬಹುದಿತ್ತು.

ಶೀರ್ಷಿಕೆ ‘ಮರೆಯಲಾಗದ ಮಹನೀಯರು’. ಅದೂ ಪುಟ ದಾಟುವ ಸಾಹಸಕ್ಕೆ ಹೊರಟು, ‘ಗ’ ಅಕ್ಷರವನ್ನು ಮಡಿಕೆಗೆ ಬಲಿಕೊಟ್ಟು, ಆಚೆ ದಡವನ್ನು ‘ಮರೆಯಲಾದ ಮಹನೀಯರು’ ಆಗಿ ತಲುಪಿತ್ತು. ಇಷ್ಟು ಪ್ರಾಮಾಣಿಕವಾದ ಶೀರ್ಷಿಕೆಯನ್ನು ಯಾವ ಸಂಪಾದಕರೂ ಬೇಕೆಂದು ಕೊಡಲಾರರು.

ಈ ನಡುಸಂದಿಗೆ ಪುಟವಿನ್ಯಾಸಕಾರರು ಇಟ್ಟ ಹೆಸರು ಗಟರ್. ನಮ್ಮ ಕಿವಿಗೆ ಗಟಾರ ಎಂದು ಕೇಳಿಸಿದರೆ ತಪ್ಪು ಕಿವಿಯದಲ್ಲ.

ಪಿನ್ ಹೊಡೆದ 64 ಪುಟಗಳ ಪತ್ರಿಕೆಯೊಂದನ್ನು ಬಿಚ್ಚಿ ನೋಡಿ. 20ನೇ ಪುಟದ ಹಾಳೆಯ ಇನ್ನೊಂದು ಅರ್ಧ 21 ಅಲ್ಲ, 45. ಕೂಡಿಸಿದರೆ ಯಾವಾಗಲೂ 65. ಒಂದೇ ಹಾಳೆಯಲ್ಲಿ ನಿಜವಾಗಿ ಅಕ್ಕಪಕ್ಕ ಕೂತು ಮುಖ ನೋಡುವ ಜೋಡಿ ಇಡೀ ಸಂಚಿಕೆಗೆ ಒಂದೇ: 32 ಮತ್ತು 33. ಮಿಕ್ಕವೆಲ್ಲ ಬೇರೆ ಬೇರೆ ಹಾಳೆಯಿಂದ ಬಂದ ಒತ್ತಾಯದ ಸಂಬಂಧಗಳು. ಆದ್ದರಿಂದಲೇ ಎಡಪುಟದ ಆಕಾಶ ನೀಲಿ, ಬಲಪುಟದ್ದು ತುಸು ಹಸಿರು. ಸೇತುವೆ ನಟ್ಟನಡುವೆ ಒಂದು ಮೆಟ್ಟಿಲು ಇಳಿಯುತ್ತದೆ. ಆ ಏಕೈಕ ನಿಜಜೋಡಿಗಾದರೂ ಸುಖವುಂಟೇ? ಪಿನ್ನುಗಳು ಕೂರುವುದೇ ಅಲ್ಲಿ, ಸಾಮಾನ್ಯವಾಗಿ ಯಾರದಾದರೂ ಮೂಗಿನ ಮೇಲೆ. ಬೆನ್ನಿಗೆ ಅಂಟು ಹಚ್ಚಿದ ದಪ್ಪ ಸಂಚಿಕೆಯಂತೂ ಪೂರ್ತಿ ತೆರೆದುಕೊಳ್ಳುವುದೇ ಇಲ್ಲ. ಒತ್ತಿದರೆ ಹಾಳೆ ಕಿತ್ತು ಬರುತ್ತದೆ.

ಪುಟಸಂಖ್ಯೆಯ ಕತೆ ಬೇರೆ. ಅಂಚಿನಿಂದ ಅಂಚಿಗೆ ಚಿತ್ರ ಹರಡಿದರೆ ಸಂಖ್ಯೆಯನ್ನು ತೆಗೆದುಹಾಕುವುದು ಪದ್ಧತಿ, ಅಂದ ಕೆಡುತ್ತದಂತೆ. ಇಡೀ ಪುಟದ ಜಾಹೀರಾತಿಗೂ ಸಂಖ್ಯೆ ವರ್ಜ್ಯ. ‘ಮುಂದುವರಿದ ಭಾಗ 58ನೇ ಪುಟದಲ್ಲಿ’ ಎಂದು ಕಳುಹಿಸುತ್ತಾರೆ. ಹೋಗುತ್ತೇನೆ. 53 ಸಿಗುತ್ತದೆ. ಆಮೇಲೆ ಒಂದು ಕೈಗಡಿಯಾರ, ಒಂದು ಸಮುದ್ರತೀರ, ಒಂದು ಕಾರು, ಮತ್ತೆ ಅದೇ ಕಾರು. ತಲೆಯೆತ್ತಿದರೆ 61. ಬೆರಳಿಗೆ ಎಂಜಲು ಹಚ್ಚಿ ಹಿಂದಕ್ಕೆ ಎಣಿಸುತ್ತ ಬಂದು 58 ಮುಟ್ಟುವಷ್ಟರಲ್ಲಿ ಅಲ್ಲಿ ಉಳಿದಿರುವುದು ನಾಲ್ಕು ಸಾಲು. ಆ ನಾಲ್ಕು ಸಾಲನ್ನು ಮೊದಲಿನ ಪುಟದಲ್ಲೇ ಹಾಕಬಹುದಿತ್ತಲ್ಲ ಎಂದರೆ, ಅಲ್ಲಿ ‘ಖಾಲಿ ಜಾಗಕ್ಕೆ ಉಸಿರಾಟ’ ಬೇಕಿತ್ತಂತೆ! ಉಸಿರಾಡಲಿ ಪಾಪ. ಏದುಸಿರು ಓದುಗನಿಗಿರಲಿ.

ಮಡಿಕೆ ಇರುತ್ತದೆ ಎನ್ನುವುದು ಗುಟ್ಟೇನಲ್ಲ. ಮುಖ ಅಲ್ಲಿಗೆ ಬರದಂತೆ ಚಿತ್ರವನ್ನು ಬದಿಗೆ ಸರಿಸಬಹುದು. ಶೀರ್ಷಿಕೆಯನ್ನು ಎರಡು ಪದಗಳ ಸಂದಿಯಲ್ಲಿ ಒಡೆಯಬಹುದು. ಅಂಟಿನ ಸಂಚಿಕೆಯಾದರೆ ಒಳಗೆ ಮುಚ್ಚಿಹೋಗುವ ಕೆಲವು ಮಿಲಿಮೀಟರ್ ಚಿತ್ರವನ್ನು ಎರಡೂ ಕಡೆ ಮುದ್ರಿಸಬಹುದು. ಅಚ್ಚಿನ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳುವುದಿಲ್ಲ. ಪರದೆಯ ಮೇಲೆ ಎರಡೂ ಪುಟ ಚಪ್ಪಟೆಯಾಗಿ ಚೆಂದ ಕಂಡವು, ಕೆಲಸ ಮುಗಿಯಿತು. ಅಚ್ಚಾದ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡುವವರೂ ಇಲ್ಲ. ಒಬ್ಬ ಮನುಷ್ಯ ಬದುಕಿನಲ್ಲಿ ಒಮ್ಮೆ ಪತ್ರಿಕೆಯಲ್ಲಿ ಬರುತ್ತಾನೆ. ಮನೆಯವರು ಆ ಸಂಚಿಕೆಯನ್ನು ಜೋಪಾನವಾಗಿ ಎತ್ತಿಡುತ್ತಾರೆ. ಅದರಲ್ಲಿ ಅವನ ಕಿವಿ ಇರುತ್ತದೆ. ಇದಕ್ಕೆ ನನಗೆ ನಗು ಬರುವುದಿಲ್ಲ.

ಕೊನೆಗೆ ಅದೇ ಸಂಚಿಕೆಯನ್ನು ಮೊಬೈಲಿನಲ್ಲಿ ತೆರೆದೆ. ಕಾಗದವಿಲ್ಲ, ಅಂಟಿಲ್ಲ, ಪಿನ್ನಿಲ್ಲ. ಮಹನೀಯರ ದರ್ಶನ ಇನ್ನು ತಪ್ಪದು ಎಂದುಕೊಂಡೆ. ಪುಟ ಸರಕ್ಕೆಂದು ಸದ್ದು ಮಾಡಿ ಮಗುಚಿಕೊಂಡಿತು. ಅಸಲು ಪುಸ್ತಕದಂತೆಯೇ ಕಾಣಲೆಂದು, ಎರಡು ಪುಟಗಳ ನಡುವೆ ಇಲ್ಲದ ಮಡಿಕೆಗೆ ದಟ್ಟ ನೆರಳೊಂದನ್ನು ಬಳಿದಿದ್ದರು. ಅದರೊಳಗಿಂದ ಕನ್ನಡಕದ ಒಂದು ಗಾಜು ಮಂಕಾಗಿ ಹೊಳೆಯುತ್ತಿತ್ತು.