ಬೂಸಾ ತಿನ್ನಿಸುವುದಕ್ಕೆ ಹುಳ ಸಾಕಬೇಕಿಲ್ಲ

ಮನೆಯಲ್ಲೇ ಕಾಂಪೋಸ್ಟ್ ಮಾಡುವ ಗೆಳೆಯರಿಂದ ಮಳೆಗಾಲದಲ್ಲಿ ನನಗೆ ಬರುವ ಪ್ರಶ್ನೆ ಒಂದೇ: ಬುಟ್ಟಿಯಲ್ಲಿ ದಪ್ಪ ಬೂದು ಹುಳಗಳು ಬಿದ್ದಿವೆ, ಸುಣ್ಣ ಹಾಕಲೇ, ಬಿಸಿನೀರು ಸುರಿಯಲೇ? ದಯವಿಟ್ಟು ಏನನ್ನೂ ಸುರಿಯಬೇಡಿ. ಅವು ಬಹುಮಟ್ಟಿಗೆ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಈ ನೊಣ ಕಚ್ಚುವುದಿಲ್ಲ, ನಮ್ಮ ತಟ್ಟೆಯ ಮೇಲೆ ಕೂರುವ ಗೋಜಿಗೂ ಹೋಗುವುದಿಲ್ಲ. ರೆಕ್ಕೆ ಬಂದ ಮೇಲೆ ಅದು ಬದುಕುವುದು ಕೆಲವೇ ದಿನ. ಆ ದಿನಗಳೆಲ್ಲ ಜೋಡಿ ಹುಡುಕುವುದರಲ್ಲಿ, ಮೊಟ್ಟೆ ಇಡುವುದರಲ್ಲಿ ಕಳೆದುಹೋಗುತ್ತವೆ. ತಿನ್ನುವ ಕೆಲಸವನ್ನೆಲ್ಲ ಮರಿಯಾಗಿದ್ದಾಗಲೇ ಮುಗಿಸಿರುತ್ತದೆ. ಇವು ತುಂಬಿಕೊಂಡ ಕಡೆ ಮನೆನೊಣದ ಸಂತತಿಯೂ ತಗ್ಗುತ್ತದೆ.

ಅನುಕೂಲವಾದ ಶಾಖ ಸಿಕ್ಕರೆ ಎರಡು ವಾರಗಳ ಆಸುಪಾಸಿನಲ್ಲಿ ಈ ಮರಿಗಳು ಕೊಳೆಯುವ ರಾಶಿಯನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತವೆ. ಒಣಗಿಸಿದ ಹುಳದ ತೂಕದಲ್ಲಿ ಸುಮಾರು ಶೇಕಡಾ 40ರಷ್ಟು ಪ್ರೋಟೀನ್, ಮೂರನೇ ಒಂದು ಭಾಗದಷ್ಟು ಕೊಬ್ಬು, ಹಾಗಾಗಿ ಕೋಳಿಗೂ ಮೀನಿಗೂ ಇದು ಒಳ್ಳೆಯ ಮೇವು. ಬೆಳೆದು ಮುಗಿದ ಹುಳ ತಾನಾಗಿ ಒಣ ಜಾಗ ಹುಡುಕಿಕೊಂಡು ರಾಶಿಯಿಂದ ಹೊರಗೆ ಹತ್ತಿ ಬರುತ್ತದೆ. ಅಲ್ಲೊಂದು ಇಳಿಜಾರು ಹಲಗೆ, ಅದರ ತುದಿಗೊಂದು ಡಬ್ಬ ಇಟ್ಟರೆ ಕೊಯ್ಲು ಆಯಿತು. ಉಳಿದ ಹಿಕ್ಕೆಯನ್ನು ಸ್ವಲ್ಪ ದಿನ ಮಾಗಲು ಬಿಟ್ಟರೆ ಒಳ್ಳೆಯ ಗೊಬ್ಬರ. ಕಾಂಪೋಸ್ಟ್ ಗುಂಡಿಯಲ್ಲಿ ಆಹಾರದ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹುಳ ಅದರಲ್ಲಿ ಸಾಕಷ್ಟನ್ನು ಮೈಗೂಡಿಸಿಕೊಳ್ಳುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಲಾಭ ಇದೇ.

ಅಸಹ್ಯ ಎನ್ನುವವರು ತಿಪ್ಪೆ ಕೆದಕುವ ಕೋಳಿಯನ್ನು ನೋಡಿಲ್ಲವೇ? ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಯ ಪ್ಯೂಪಾ ಮೊದಲಿನಿಂದಲೂ ಮೀನು, ಕೋಳಿಗಳ ಆಹಾರಕ್ಕೆ ಹೋಗುತ್ತಿದೆ.

ನಾನು ಕರಾವಳಿಯವನು, ಹಾಗಾಗಿ ಈ ವಿಷಯದಲ್ಲಿ ನನಗೆ ಇನ್ನೊಂದು ಸಂಕಟವಿದೆ. ಉಳ್ಳಾಲ, ಮಲ್ಪೆ ಕಡೆಯ ಫಿಶ್‌ಮೀಲ್ (ಮೀನು ಹಿಟ್ಟು) ಕಾರ್ಖಾನೆಗಳಿಗೆ ಬೂತಾಯಿ ಮೀನು ಲೋಡುಗಟ್ಟಲೆ ಹೋಗುತ್ತದೆ, ಬಲೆಗೆ ಸಿಕ್ಕ ಎಳೆಯ ಮೀನೂ ಹೋಗುತ್ತದೆ. ಒಂದು ಕಿಲೋ ಮೀನು ಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಬಡವರ ಮನೆಯ ಸಾರಿಗೆ ಬೀಳಬೇಕಾದ ಮೀನನ್ನು ಪುಡಿಮಾಡಿ ಸಿಗಡಿಗೂ ಕೋಳಿಗೂ ಹಾಕುತ್ತೇವೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ದಿನಕ್ಕೆ ಹುಟ್ಟುವ ಸುಮಾರು 5000 ಟನ್ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ಅದರ ಕೊಳೆತ ನೀರನ್ನು, ನಾತವನ್ನು ವರ್ಷಗಟ್ಟಲೆ ಅನುಭವಿಸಿ, ಬೀದಿಗಿಳಿದು ಹೋರಾಡಿದ ಮೇಲೆಯೇ ಲಾರಿಗಳು ನಿಂತದ್ದು. ನಿಂತ ಲಾರಿಗಳು ಇನ್ನೊಂದು ಹಳ್ಳಿಯ ದಾರಿ ಹಿಡಿದವು.

ಹಾಗೆಂದು ಹುಳ ಸಾಕುವ ಯಾವ ಯೋಜನೆ ಬಂದರೂ ಚಪ್ಪಾಳೆ ತಟ್ಟಲು ನಾನು ಸಿದ್ಧನಿಲ್ಲ. ಹುಳಕ್ಕೆ ಏನು ಹಾಕುತ್ತೀರಿ ಎಂಬುದು ನನ್ನ ಮೊದಲ ಪ್ರಶ್ನೆ. ಐರೋಪ್ಯ ಒಕ್ಕೂಟ 2017ರಲ್ಲಿ ಮೀನು ಸಾಕಣೆಗೂ 2021ರಲ್ಲಿ ಕೋಳಿ, ಹಂದಿಗಳಿಗೂ ಕೀಟದ ಪ್ರೋಟೀನ್ ಬಳಸಲು ಅನುಮತಿ ಕೊಟ್ಟಿತು. ಆದರೆ ಆ ಕೀಟಗಳಿಗೆ ಹೋಟೆಲ್‌ನ ಎಂಜಲು ಹಾಕುವಂತಿಲ್ಲ. ದನಗಳಿಗೆ ಪ್ರಾಣಿಗಳ ಮಾಂಸ-ಮೂಳೆಯ ಪುಡಿ ತಿನ್ನಿಸಿದ್ದರಿಂದ ಹರಡಿದ ಹುಚ್ಚು ಹಸು ರೋಗವನ್ನು ಕಂಡವರ ಭಯ ಅದು, ಅದಕ್ಕೆ ಕಾರಣವಿದೆ. ಇಂಥ ನಿಯಮಗಳ ನಡುವೆಯೇ ಫ್ರಾನ್ಸಿನ ಇನ್ಸೆಕ್ಟ್ ಎಂಬ ಕಂಪನಿ ಭಾರಿ ಬಂಡವಾಳ ಹಾಕಿ, ಕಾರ್ಖಾನೆ ಕಟ್ಟಿ, ಮೀಲ್‌ವರ್ಮ್ ಎಂಬ ಬೇರೊಂದು ಹುಳವನ್ನು ಗೋಧಿ ಬೂಸಾ ತಿನ್ನಿಸಿ ಸಾಕಿತು, ಕೊನೆಗೆ ಸಾಲ ತೀರಿಸಲಾಗದೆ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಸೋಲಿಗೆ ಕಾರಣ ಹಲವಿರಬಹುದು. ಆದರೆ ಬೂಸಾವನ್ನು ನೇರವಾಗಿ ಹಸುವಿಗೆ ಹಾಕಬಹುದಲ್ಲ, ನಡುವೆ ಹುಳ ಏಕೆ? ನೈರೋಬಿಯಲ್ಲಿ ಸ್ಯಾನರ್ಜಿ ಸಂಸ್ಥೆ ಹಿಡಿದ ದಾರಿ ಬೇರೆ. ಕೊಳೆಗೇರಿಗಳ ಶೌಚಾಲಯದ ಮಲವನ್ನೂ ಊರಿನ ಹಸಿ ಕಸವನ್ನೂ ಸಂಗ್ರಹಿಸಿ, ಇದೇ ಸೋಲ್ಜರ್ ಫ್ಲೈ ಮರಿಗಳಿಂದ ಮೇವನ್ನೂ ಗೊಬ್ಬರವನ್ನೂ ಮಾಡಿತು. ಬೇರೆ ಯಾರೂ ಮುಟ್ಟದ ಕಸವನ್ನು ತಿಂದಾಗಲೇ ಹುಳ ಸಾಕಿದ್ದಕ್ಕೆ ಅರ್ಥ.

ನಮ್ಮಲ್ಲಿ ಅಂಥ ಕಸಕ್ಕೆ ಬರವಿಲ್ಲ, ಬರ ಇರುವುದು ಬೇರ್ಪಡಿಸಿದ ಕಸಕ್ಕೆ. ಹುಳ ಪ್ಲಾಸ್ಟಿಕ್ ಅನ್ನು ಪಕ್ಕಕ್ಕೆ ಬಿಟ್ಟುಬಿಡುತ್ತದೆ, ಆದರೆ ಬ್ಯಾಟರಿಯಿಂದ ಇಳಿದ ಕ್ಯಾಡ್ಮಿಯಮ್ ಎಂಬ ವಿಷಲೋಹವನ್ನು ಮೈಯಲ್ಲಿ ಶೇಖರಿಸಿಕೊಳ್ಳುತ್ತದೆ. ಅಂಥ ಹುಳ ತಿಂದ ಕೋಳಿ, ಆ ಕೋಳಿಯನ್ನು ತಿಂದ ಮಗು ಎಂದು ಯೋಚಿಸಿದರೆ ಮಿಶ್ರ ಕಸದಿಂದ ಮೇವು ತಯಾರಿಸುವುದು ಬೇಡವೇ ಬೇಡ ಎನ್ನುತ್ತೇನೆ. ಮೂಲದಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಇಂದಿಗೂ ಡಯಾಪರ್‌ನಿಂದ ಅನ್ನವನ್ನು ಬರಿಗೈಯಲ್ಲಿ ಬಿಡಿಸುತ್ತಿರುವವರು ಪೌರಕಾರ್ಮಿಕರು. ಈ ಮಾತು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಆದ್ದರಿಂದ ಶುರುಮಾಡಬೇಕಾದದ್ದು ಮನೆಗಳಿಂದಲ್ಲ. ತರಕಾರಿ ಮಾರುಕಟ್ಟೆ, ಹಾಸ್ಟೆಲ್, ಕಲ್ಯಾಣ ಮಂಟಪಗಳಲ್ಲಿ ಒಂದೇ ಬಗೆಯ ಕಸ ಒಂದೇ ಜಾಗದಲ್ಲಿ ರಾಶಿಯಾಗಿ ಸಿಗುತ್ತದೆ. ಅನ್ನ, ಪಲ್ಯ, ಕೊಳೆತ ಟೊಮೆಟೊ ಹುಳಕ್ಕೆ ಹೋಗಲಿ. ಊಟದ ಬಾಳೆಎಲೆಯ ನಾರು ಅದಕ್ಕೆ ಸುಲಭವಾಗಿ ಅರಗದು, ಅದನ್ನು ಕಾಂಪೋಸ್ಟ್‌ಗೆ ಕಳಿಸಬೇಕು. ಸಾಂಬಾರಿನ ನೀರು ಹೆಚ್ಚಾದರೆ ಹೊಟ್ಟು ಬೆರೆಸಬೇಕು. ಯುರೋಪಿನವರು ಚಳಿಗಾಲದಲ್ಲಿ ಶೆಡ್ ಕಾಯಿಸಲು ಸುರಿಯುವ ಹಣ ನಮಗೆ ಉಳಿತಾಯ. ನೊಣ ಜೋಡಿಯಾಗಲು ಬೇಕಾದ ಬಿಸಿಲೂ ವರ್ಷದ ಬಹುಪಾಲು ನಮ್ಮಲ್ಲಿ ಧಾರಾಳವಾಗಿದೆ. ಲಾರಿಯಲ್ಲಿ ಊರಾಚೆಗೆ ಸಾಗಿಸಲು ನಗರಾಡಳಿತ ಈಗ ಟನ್ನಿಗೆ ಇಷ್ಟೆಂದು ಕೊಡುವ ದುಡ್ಡನ್ನೇ ಹುಳ ಸಾಕುವವರಿಗೆ ಕೊಡಲಿ, ಏಕೆಂದರೆ ಮೇವು ಮಾರಿದ ಹಣವೊಂದರಿಂದಲೇ ಈ ಕಸುಬು ನಿಲ್ಲುತ್ತದೆ ಎಂಬ ನಂಬಿಕೆ ನನಗಿಲ್ಲ. ಟೆಂಡರ್‌ನಲ್ಲಿ ಸೀಸ, ಕ್ಯಾಡ್ಮಿಯಮ್ ಪರೀಕ್ಷೆಯ ಷರತ್ತು ಇರಲಿ, ಅದರ ವರದಿಯನ್ನು ಮಾರುಕಟ್ಟೆಯ ಗೋಡೆಗೆ ಅಂಟಿಸಲಿ. ನಿಮ್ಮ ವಾರ್ಡಿನ ಸಭೆಗೆ ಹೋದಾಗ ಇದನ್ನು ಕೇಳಿ, ನಾನೂ ನನ್ನ ವಾರ್ಡಿನಲ್ಲಿ ಕೇಳುತ್ತಿದ್ದೇನೆ.