ಸ್ಕ್ಯಾನರ್ ಇದೆಯಾ ಆಂಟಿ?

ಇವತ್ತು ಮಧ್ಯಾಹ್ನ ಕಿವಿಯಾರೆ ಕೇಳಿದ ಮಾತಿದು. ಅಂಗಡಿಯಲ್ಲಲ್ಲ, ದರ್ಶಿನಿಯಲ್ಲೂ ಅಲ್ಲ. ಮುಳಬಾಗಿಲು ತಾಲ್ಲೂಕಿನ ಒಂದು ಮನೆಯ ನಡುಮನೆಯಲ್ಲಿ, ಕೈ ತೊಳೆದ ನೀರು ಇನ್ನೂ ಆರುವ ಮೊದಲೇ. ರಾತ್ರಿ ಹತ್ತಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ. ಉದ್ದ ಆಗುತ್ತೆ. ಪುರಸೊತ್ತಿದ್ದವರು ಓದಿ.

ನಾನು ಆ ಕಡೆಯವನು ಅಂತ ನಿಮಗೆಲ್ಲ ಗೊತ್ತು. ಆಫೀಸಿನ ಮೂವರನ್ನು ಮುಳಬಾಗಿಲು ಹತ್ತಿರದ ಆವನಿ ಅನ್ನೋ ಊರಿಗೆ ಕರೆದುಕೊಂಡು ಹೋಗಿದ್ದೆ. ನೊಳಂಬ ಅರಸರ ಕಾಲದ ಗುಡಿಗಳು, ರಾಮಲಿಂಗೇಶ್ವರನ ಜೊತೆಗೆ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಲ್ಲೂ ಒಂದೊಂದು ಗುಡಿ, ಬೆಟ್ಟ ಹತ್ತಿದರೆ ಸೀತಮ್ಮ, ಲವಕುಶರು ಹುಟ್ಟಿದ್ದು ಇಲ್ಲೇ ಅನ್ನೋ ಕಥೆ. ಎಲ್ಲ ತೋರಿಸಿ, ಮುಳಬಾಗಿಲಲ್ಲಿ ದೋಸೆ ತಿನ್ನಿಸ್ತೀನಿ ಅಂತ ಹೊರಡಿಸಿದೆ. ದೋಸೆ ಸಿಗಲಿಲ್ಲ.

ಸಂಕ್ರಾಂತಿ ಹೊತ್ತಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ರಾಗಿ ಕಂತೆ ಬಿಚ್ಚಿ ರಸ್ತೆಗೆ ಹರಡಿರ್ತಾರೆ, ಬರೋ ಹೋಗೋ ಗಾಡಿಗಳೇ ತುಳಿಯಬೇಕು. ಕಾರು ಓಡಿಸ್ತಿದ್ದ ನಮ್ಮ ಸಾಹೇಬ (ಹೆಸರು ಬೇಡ, ಓದ್ತಾ ಇರ್ತಾನೆ) ಅದರ ಮೇಲೇ ಬ್ರೇಕ್ ಹೊಡೆದು ವಿಡಿಯೊ ಮಾಡಿದ. ಮತ್ತೆ ಹೊರಟಾಗ ಹುಲ್ಲೆಲ್ಲ ಕೆಳಗೆ ಸುತ್ತಿಕೊಂಡು ಸುಟ್ಟ ವಾಸನೆ. ರಸ್ತೆ ಪಕ್ಕದ ಮನೆಯಿಂದ ಒಬ್ಬ ಯಜಮಾನರು ಕುಡುಗೋಲು ಹಿಡಿದು ಓಡಿ ಬಂದರು. ಸಾಹೇಬ ಹೆದರಿ ಗಾಜು ಏರಿಸಿದ! ಅವರು ನೆಲಕ್ಕೆ ಅಂಗಾತ ಮಲಗಿ, ಮುಕ್ಕಾಲು ಗಂಟೆ ಹುಲ್ಲು ಕೊಯ್ದು ಕೊಯ್ದು ಎಳೆದರು. ಬೆಂಕಿ ಹತ್ತಿಕೊಳ್ಳದೆ ಇದ್ದದ್ದು ಅವರ ಪುಣ್ಯದಿಂದ, ನಮ್ಮದರಿಂದಲ್ಲ.

ಎದ್ದು ಮೈ ಕೊಡವಿಕೊಂಡು ಅಂದರು: "ನಮ್ಮ ರಾಗಿ ತುಳಿದುಕೊಟ್ಟಿದ್ದೀರಿ, ಕೂಲಿ ಬೇಡ್ವಾ ಸಾರ್? ಬನ್ನಿ, ಊಟ ಮಾಡ್ಕೊಂಡು ಹೋಗಿ."

ಈ ಮಾತನ್ನು ಇನ್ನೊಂದು ಸಲ ಓದಿ. ಉಪಕಾರ ಮಾಡಿದ್ದು ಅವರು, ಅನ್ನ ಹಾಕ್ತಿರೋದೂ ಅವರು. ಆದರೆ ನಮಗೆ ಮುಜುಗರ ಆಗಬಾರದು ಅಂತ ಋಣವನ್ನು ತಿರುಗಿಸಿ ತಮ್ಮ ಮೇಲೆ ಹಾಕ್ಕೊಂಡರು. ಅಲ್ಲಿಗೆ ಲೆಕ್ಕ ಮುಗಿದಿತ್ತು. ಮುಗಿದಿತ್ತು ಅಂದೆನಲ್ಲ!

ಒಳಗೆ ಆ ಮನೆಯ ಅಕ್ಕ ರಾತ್ರಿ ನೆನೆಸಿಟ್ಟ ಅವರೆಕಾಳು ಹಿತುಕ್ತಾ ಕೂತಿದ್ದರು. ಮನೆಮಾತು ತೆಲುಗು, ಹಿತುಕಿದ ಬೇಳೆ ಸಾರಿಗೆ ಪಿತಕಪಪ್ಪು ಅಂತಾರೆ. ನಾನು ತೆಲುಗಲ್ಲಿ ಮಾತಾಡಿದ್ದೇ, ನನ್ನ ಮುಂದೂ ಒಂದು ಬುಟ್ಟಿ ಬಂತು. ನಾವೆಲ್ಲ ಸುತ್ತ ಕೂತೆವು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳೀಬೇಕು, ಬೇಳೆ ಪಾತ್ರೆಗೆ ಬೀಳಬೇಕು. ಸಾಹೇಬ ಒತ್ತಿದ್ದು ಗೋಡೆ ಮೇಲಿನ ಕ್ಯಾಲೆಂಡರಿಗೆ ಹೊಡೀತು. ಮೊಮ್ಮಗಳು ನಕ್ಕಳು, ಅವನೂ ನಕ್ಕ. ಆ ಅರ್ಧ ಗಂಟೆ ಅವನು ನನಗೆ ಬಹಳ ಇಷ್ಟವಾದ, ಅದನ್ನೂ ಹೇಳಿಬಿಡಬೇಕು.

ಆಮೇಲೆ ಅಕ್ಕ ಹಿತ್ತಲ ಸೌದೆ ಒಲೆ ಮುಂದೆ ನಿಂತು ಮುದ್ದೆ ತಿರುವಿದರು. ಗಂಟಿಲ್ಲದ ಹಾಗೆ ಕೋಲಾಡಿಸಿ, ಮಣೆಗೆ ನೀರು ಸವರಿ, ಬಿಸಿ ಹಿಟ್ಟನ್ನು ಅಂಗೈಯಲ್ಲೇ ಉರುಳಿಸಿ ತಟ್ಟೆಗೆ ಇಟ್ಟರು. ಪಕ್ಕದಲ್ಲಿ ಕುಳಿ ಮಾಡಿ ತುಪ್ಪ. ಮೇಲೆ ಸಾರು. ರಾಗಿ ಹೊಲದ ನಡುನಡುವೆ ಬಿತ್ತೋ ಅಕ್ಕಡಿ ಸಾಲಿನ ಅವರೆ, ಇಬ್ಬನಿ ಕುಡಿದು ಬೆಳೆದದ್ದು, ಅದರ ಸೊಗಡನ್ನು ಬರೆಯೋಕೆ ಹೋದರೆ ಈ ಪೋಸ್ಟ್ ಮುಗಿಯಲ್ಲ. ಮೂವರೂ ಎರಡೆರಡು ಸಲ ಸಾರು ಹಾಕಿಸಿಕೊಂಡರು. ಅಗೀಬೇಡ, ನುಂಗು ಅಂತ ನಾನು ಹೇಳ್ತಾನೇ ಇದ್ದೆ. ಅಗಿದರು. ಹೋಗ್ಲಿ.

ಸಾಹೇಬ ಕೈ ತೊಳೆದು ಬಂದ. ಜೇಬಿಂದ ಫೋನು ತೆಗೆದ. "ಸ್ಕ್ಯಾನರ್ ಇದೆಯಾ ಆಂಟಿ?"

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಯಜಮಾನರ ಮುಖ ನೋಡಿದರು. ಯಜಮಾನರು ರಸ್ತೆ ಕಡೆ ನೋಡಿದರು. ನಾನು ಎಲ್ಲಿ ನೋಡಲಿ? ಕ್ಯಾಲೆಂಡರ್ ನೋಡಿದೆ. ಸ್ಕ್ಯಾನರ್ ಇಲ್ಲ ಅಂತ ಗೊತ್ತಾದ ಮೇಲಾದರೂ ಸುಮ್ಮನಾದನೇ? ಐನೂರರ ಎರಡು ನೋಟು ತೆಗೆದು ಲೋಟದ ಕೆಳಗೆ ಸಿಕ್ಕಿಸಿದ. ಹೋಟೆಲಲ್ಲಿ ಟಿಪ್ಸ್ ಇಡ್ತಾರಲ್ಲ, ಹಾಗೆ.

ಕಾರಲ್ಲಿ ಜಗಳ ಆಡಿದೆ. ಅವನ ವಾದ ನಿಮ್ಮಲ್ಲೂ ಕೆಲವರದು ಆಗಿರುತ್ತೆ, ಹೇಳ್ತೀನಿ. ಬಡವರ ಮನೆ, ನಾಲ್ಕು ಜನ ತಿಂದಿದ್ದೀವಿ, ಆಯಮ್ಮ ಹೊಗೆಯಲ್ಲಿ ನಿಂತು ಬೇಯಿಸಿದ್ದಾರೆ, ಹೆಂಗಸರ ದುಡಿಮೆಗೆ ಬೆಲೆ ಇಲ್ವಾ, ನೀನು ಅತಿಥಿ ದೇವೋ ಭವ ಅಂತ ರೊಮ್ಯಾಂಟಿಕ್ ಆಗಿ ಮಾತಾಡಬೇಡ. ಒಪ್ಪಿದೆ. ಅಕ್ಕ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ ಅನ್ನೋದೂ ನಿಜ, ಅವರ ಪಾಲಿಗೆ ಸಾರು ಎಷ್ಟು ಉಳೀತೋ ಗೊತ್ತಿಲ್ಲ.

ಆದರೆ ಸ್ವಾಮಿ, ಈ ಕಾಳಜಿ ಸೋಮವಾರದಿಂದ ಶನಿವಾರ ಎಲ್ಲಿರುತ್ತೆ? ಇದೇ ಮನುಷ್ಯ ಹೋದ ವಾರ ಆಫೀಸ್ ಗೇಟಲ್ಲಿ ತಳ್ಳುಗಾಡಿಯವನ ಹತ್ತಿರ ಅವರೆಕಾಯಿಗೆ ಹತ್ತು ರೂಪಾಯಿ ಚೌಕಾಸಿ ಮಾಡಿದ್ದನ್ನ ನಾನು ನೋಡಿದ್ದೀನಿ. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಮುದ್ದೆಗೆ ನೂರೈವತ್ತು ಗ್ರಾಂ ಹಿಟ್ಟು ಅಂದುಕೊಂಡರೂ ಏಳು ರೂಪಾಯಿ ಚಿಲ್ಲರೆಯ ರಾಗಿ. ಮಿಕ್ಕಿದ್ದು ಯಾವುದರ ಬಾಬ್ತು? ಮಣ್ಣಲ್ಲಿ ಮಲಗಿ ಹುಲ್ಲು ಎಳೆದದ್ದಕ್ಕಾ? ಮೊಮ್ಮಗಳ ನಗುವಿಗಾ? ಲೆಕ್ಕ ಚುಕ್ತಾ ಮಾಡೋ ಉಮೇದಿದ್ದರೆ ದೊಡ್ಡದರಿಂದಲೇ ಶುರು ಮಾಡು ಅಂದೆ. ಕೋಲಾರದ ಹಾಲು, ಟೊಮೆಟೊ, ಮಾವು ಎಲ್ಲ ಬೆಂಗಳೂರಿಗೆ ಬರುತ್ತೆ. ಬೆಂಗಳೂರಿಂದ ಕೋಲಾರದ ಕೆರೆಗಳಿಗೆ 2018ರಿಂದ ಹೋಗ್ತಿರೋದು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರು. ನಿನ್ನ ಫ್ಲಾಟಿನ ಬಚ್ಚಲ ನೀರನ್ನೇ ಶುದ್ಧ ಮಾಡಿ ಕಳಿಸಿದ್ದು, ಅದಕ್ಕೆಷ್ಟು ಮುರ್ಕೋತೀಯ?

ಉತ್ತರ ಕೊಡಲಿಲ್ಲ. ಎಸಿ ಜಾಸ್ತಿ ಮಾಡಿದ.

ಇಷ್ಟೆಲ್ಲ ಎಗರಾಡ್ತಿರೋದಕ್ಕೆ ಇನ್ನೊಂದು ಕಾರಣ ಇದೆ. ಅದನ್ನ ಕಾರಲ್ಲಿ ಹೇಳಲಿಲ್ಲ. ಹೋದ ವರ್ಷ ನಮ್ಮ ಸಣ್ಣತ್ತೆ ಊರಹಬ್ಬಕ್ಕೆ ಕರೆದಿದ್ದಳು. ಕೆಲಸ ಇತ್ತು, ಅಂದರೆ ಅಂಥ ಕೆಲಸವೇನೂ ಅಲ್ಲ. ಖರ್ಚಿಗೆ ಇರಲಿ ಅಂತ ಫೋನಲ್ಲೇ ಎರಡು ಸಾವಿರ ಹಾಕಿ ಸುಮ್ಮನಾದೆ. ಆಗ ಎಷ್ಟು ಹಗುರಾಯ್ತು ಗೊತ್ತಾ! ಇನ್ನು ಹೋಗಲೇಬೇಕು ಅನ್ನೋ ಹಂಗಿಲ್ಲ. ನನ್ನನ್ನ ಎತ್ತಿ ಆಡಿಸಿದವಳು, "ಏನೋ, ಉಂಡ್ಯೇನೋ" ಅಂತಿದ್ದವಳು, ಮೊನ್ನೆ ಫೋನ್ ಮಾಡಿ "ಚೆನ್ನಾಗಿದ್ದೀರಾ, ಊಟ ಆಯ್ತಾ" ಅಂದಳು. ನಾನು "ಹ್ಞೂಂ ಅತ್ತೆ" ಅಂದೆ. ಏನನ್ನಲಿ?

ಅಂದ ಹಾಗೆ ಆ ಸಾವಿರ ರೂಪಾಯಿ ಏನಾಯ್ತು ಅಂತ ಹೇಳಲೇ ಇಲ್ಲ. ಕಾರು ಹತ್ತಿದ್ದೆವು. "ಸ್ವಲ್ಪ ಇರಿ" ಅಂತ ಅಕ್ಕ ಒಳಗಿಂದ ಕೂಗಿದರು. ನೋಟು ವಾಪಸ್ ಕೊಡ್ತಾರೆ ಅಂದುಕೊಂಡೆ. ಇಲ್ಲ. ಸಂತೆಗೆ ಕಿತ್ತಿಟ್ಟಿದ್ದ ಅವರೆಕಾಯಿ ಜಗಲಿಗೆ ಬಂತು, ಜೊತೆಗೆ ತಕ್ಕಡಿ. "ಈವತ್ತು ಸಂತೇಲಿ ಕೆಜಿಗೆ ನಲವತ್ತು" ಅಂದರು. ಐದು ಐದು ಕೆಜಿಯ ಹಾಗೆ ಐದು ಸಲ ತೂಗಿದರು. ಒಂದೊಂದು ಸಲವೂ ತಕ್ಕಡಿ ನಮ್ಮ ಕಡೆಗೇ ವಾಲೋ ಹಾಗೆ ಮೇಲೊಂದು ಹಿಡಿ. ಮೂಟೆಯನ್ನು ಯಜಮಾನರೇ ಡಿಕ್ಕಿಗೆ ಹಾಕಿದರು. "ಊಟ ಬೇರೆ, ವ್ಯಾಪಾರ ಬೇರೆ" ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾಹೇಬನಿಗೆ ಅರ್ಥವೂ ಆಗಲಿಲ್ಲ. "ಡೀಲ್ ಚೆನ್ನಾಗಿದೆ" ಅಂದ.

ಇಷ್ಟು ಕಾಯಿ ಇಟ್ಕೊಂಡು ನಾನೇನು ಮಾಡಲಿ, ನಮ್ಮನೇಲಿ ಸುಲಿಯೋರಿಲ್ಲ ಅಂತ ಮೂಟೆಯನ್ನ ನಮ್ಮ ಮನೆ ಮುಂದೆ ಇಳಿಸಿ ಹೋದ. ನನ್ನ ಹೆಂಡತಿ ಎಂಟು ಗಂಟೆಯಿಂದ ಸುಲೀತಿದ್ದಾಳೆ, ನಾನು ಫೇಸ್‌ಬುಕ್ಕಲ್ಲಿ ಕೂತಿದ್ದೀನಿ ಅಂತ ಬೈಗುಳ ಬೇರೆ. ಇನ್ನೂ ಹದಿನೆಂಟು ಕೆಜಿ ಇದೆ. ಬೆಂಗಳೂರಿನ ವಿಜಯನಗರದ ಸುತ್ತಮುತ್ತ ಇರೋರು ನಾಳೆ ಬನ್ನಿ. ದುಡ್ಡು ಗಿಡ್ಡು ತರಬೇಡಿ, ಸುಲಿಯೋಕೆ ಕೂತ್ಕೋಬೇಕು ಅಷ್ಟೆ.