ಇಂದಿನ ಅಮೆರಿಕನ್ ಪೌರರಿಗೆ 1776ರ ಮಾತು ದಾರಿ ತೋರೀತೇ?

2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಆ ಘೋಷಣೆ ಹೊರಬಿದ್ದ ಫಿಲಡೆಲ್ಫಿಯಾದಲ್ಲೇ 1787ರಲ್ಲಿ ಸಂವಿಧಾನವನ್ನೂ ಬರೆದರು. 1791ರಲ್ಲಿ ಅದಕ್ಕೆ ಹತ್ತು ತಿದ್ದುಪಡಿಗಳು ಸೇರಿದವು. ಅವೇ ಬಿಲ್ ಆಫ್ ರೈಟ್ಸ್. ತಮ್ಮ ಹಕ್ಕೇನು, ಹೊಣೆಯೇನು ಎಂದು ತಿಳಿಯಲು ಇವತ್ತಿನ ಪೌರರು ಈ ಹಳೆಯ ಕಾಗದಗಳನ್ನೇ ತಿರುವಿಹಾಕಬೇಕೇ? ನಮ್ಮವರಿಗೂ ಈ ಪ್ರಶ್ನೆ ದೂರದ್ದಲ್ಲ. ಅಲ್ಲಿನ ಪೌರತ್ವ ಪಡೆಯುವ ಕನ್ನಡಿಗರು ಆ ಸಂವಿಧಾನವನ್ನೂ ಕಾನೂನನ್ನೂ ಕಾಪಾಡುತ್ತೇವೆ ಎಂದೇ ಕೈಯೆತ್ತಿ ಪ್ರಮಾಣ ಮಾಡುತ್ತಾರೆ. ಕೆಳಗಿನ ಎರಡು ವಾದಗಳಲ್ಲಿ ಮೊದಲನೆಯದು ನನ್ನ ಮನಸ್ಸಿಗೆ ಹತ್ತಿರ. ಎರಡನೆಯದನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ.

ಪರ: ಬರೆದುಕೊಟ್ಟ ಮಾತನ್ನು ಹಿಡಿದು ಕೇಳಬಹುದು

1852ರ ಜುಲೈ 5. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಲ್ಲಿ ಫ್ರೆಡೆರಿಕ್ ಡಗ್ಲಸ್ ಭಾಷಣಕ್ಕೆ ನಿಂತರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದವರು ಅವರು. ನಿಮ್ಮ ಈ ಜುಲೈ ನಾಲ್ಕು ಒಬ್ಬ ಗುಲಾಮನಿಗೆ ಏನು ಎಂದು ಎದುರಿಗಿದ್ದ ಬಿಳಿಯರನ್ನೇ ಕೇಳಿದರು. ಇಷ್ಟು ಕಹಿ ಮಾತಾಡಿದ ಮೇಲೆ ಸಂವಿಧಾನವನ್ನೂ ಬಿಸಾಡಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಅದು ಸ್ವಾತಂತ್ರ್ಯದ ದಾಖಲೆ, ಅದನ್ನು ಇದ್ದ ಹಾಗೆ ಓದಿದರೆ ಗುಲಾಮಗಿರಿಗೆ ಜಾಗವಿಲ್ಲ ಎಂದು ಅದೇ ಭಾಷಣದಲ್ಲಿ ವಾದಿಸಿದರು.

ಅದಕ್ಕೂ ನಾಲ್ಕು ವರ್ಷ ಮೊದಲು, 1848ರಲ್ಲಿ, ಸೆನೆಕಾ ಫಾಲ್ಸ್‌ನಲ್ಲಿ ಸೇರಿದ ಹೆಂಗಸರು ಜೆಫರ್ಸನ್‌ರ 1776ರ ಘೋಷಣೆಯ ಅಚ್ಚನ್ನೇ ತೆಗೆದುಕೊಂಡು ತಮ್ಮ ಘೋಷಣೆ ಬರೆದರು. ಮೂಲದಲ್ಲಿ ಇಂಗ್ಲೆಂಡಿನ ರಾಜನ ಅಪರಾಧಗಳ ಪಟ್ಟಿ ಇದ್ದ ಕಡೆ ಗಂಡಸರು ತಮಗೆ ಮಾಡಿದ ಅನ್ಯಾಯಗಳ ಪಟ್ಟಿ ಇಟ್ಟರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ನಿಂತು, ಈ ಕಾಗದಗಳು ದೇಶ ಬರೆದುಕೊಟ್ಟ ಸಾಲಪತ್ರ, ಕರಿಯರ ಪಾಲಿನ ಚೆಕ್ ಮಾತ್ರ ವಾಪಸ್ ಬಂದಿದೆ, ಅದನ್ನು ವಸೂಲಿ ಮಾಡಲು ಬಂದಿದ್ದೇವೆ ಎಂದರು.

ಇವರ್ಯಾರನ್ನೂ 1776ರ ಬರಹ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಆದರೂ ಮೂವರೂ ಅದನ್ನೇ ಕೈಗೆತ್ತಿಕೊಂಡರು. ಬರಹದಲ್ಲಿ ಮಾತು ಕೊಟ್ಟ ದೇಶವನ್ನು ನಿಲ್ಲಿಸಿ ಕೇಳಬಹುದು. ಬರಹವೇ ಇಲ್ಲದಿದ್ದರೆ ಆಳುವವರ ದಯೆಗೆ ಕಾಯಬೇಕು. ಪೌರತ್ವ ಎಂದರೆ ಹೀಗೆ ಕೇಳುವ ಹಕ್ಕು ಎಂದೇ ನಾನು ನಂಬುತ್ತೇನೆ.

ಆ ದಾಖಲೆಗಳಲ್ಲಿ ಇನ್ನೊಂದು ಪಾಠವಿದೆ. ಅವನ್ನು ಬರೆದವರು ಅಧಿಕಾರವನ್ನು ನಂಬಲಿಲ್ಲ. ತಮ್ಮನ್ನೂ ನಂಬಲಿಲ್ಲ. ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಡವಾಗುತ್ತಿತ್ತು ಎಂದರು ಸಂವಿಧಾನ ರಚಿಸಿದವರಲ್ಲಿ ಮುಖ್ಯರಾದ ಮ್ಯಾಡಿಸನ್. ಅದಕ್ಕೇ ಅಧಿಕಾರವನ್ನು ಮೂರು ಕಡೆ ಹಂಚಿ, ಒಂದನ್ನು ಇನ್ನೊಂದು ತಡೆಯುವಂತೆ ಮಾಡಿದರು. 1974ರಲ್ಲಿ, ವಾಟರ್‌ಗೇಟ್ ಹಗರಣದ ತನಿಖೆಗೆ ನಿಮ್ಮ ಮಾತುಕತೆಯ ಟೇಪ್‌ಗಳನ್ನು ಕೊಡಿ ಎಂದು ಸುಪ್ರೀಂ ಕೋರ್ಟ್ ಅಧ್ಯಕ್ಷ ನಿಕ್ಸನ್‌ಗೆ ಒಮ್ಮತದಿಂದ ಆದೇಶ ಕೊಟ್ಟಿತು. ಆ ನ್ಯಾಯಮೂರ್ತಿಗಳಲ್ಲಿ ಮೂವರನ್ನು ನೇಮಿಸಿದವರು ನಿಕ್ಸನ್ನೇ. ಮುಂದಿನ ತಿಂಗಳೇ ಅವರು ಕುರ್ಚಿ ಬಿಟ್ಟರು. ನಮಗೆ ಇಷ್ಟವಾದ ನಾಯಕ ಗೆರೆ ದಾಟಿದಾಗಲೂ ತಡೆಯುವವರು ಇರಬೇಕು ಎಂದು ಒಪ್ಪುವುದು ಕಷ್ಟ. ಇವತ್ತು ಅದರ ಅಗತ್ಯವಂತೂ ಜಾಸ್ತಿಯೇ ಆಗಿದೆ.

ಚಿಕ್ಕವರನ್ನೂ ಈ ಬರಹ ಕಾಪಾಡಿದೆ. ಎರಡನೇ ಮಹಾಯುದ್ಧದ ನಡುವೆ, ವೆಸ್ಟ್ ವರ್ಜೀನಿಯಾದಲ್ಲಿ ಜೆಹೋವನ ಸಾಕ್ಷಿಗಳ ಪಂಥದ ಮಕ್ಕಳು ಬಾವುಟಕ್ಕೆ ಸೆಲ್ಯೂಟ್ ಹೊಡೆಯಲ್ಲ ಎಂದರು. ಶಾಲೆಯಿಂದ ಹೊರಹಾಕಿದರು. ದೇಶವೆಲ್ಲ ಯುದ್ಧದ ಆವೇಶದಲ್ಲಿದ್ದ 1943ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ನಿಂತಿತು. ದೇಶಭಕ್ತಿಯನ್ನು ಬಲವಂತವಾಗಿ ಹೇಳಿಸುವ ಅಧಿಕಾರ ಯಾರಿಗೂ ಇಲ್ಲ ಎಂದಿತು. ಕೇರಳದಲ್ಲಿ ರಾಷ್ಟ್ರಗೀತೆ ಹಾಡದ ಅದೇ ಪಂಥದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದಾಗ, 1986ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಮಕ್ಕಳ ಪರವೇ ತೀರ್ಪು ಕೊಟ್ಟಿತು.

ಸಾಮಾನ್ಯನ ಕೈಗೂ ಇದು ಎಟುಕುತ್ತದೆ. ಸಂಸದರು ತಮ್ಮ ಸಂಬಳ ಏರಿಸಿಕೊಂಡರೆ ಮುಂದಿನ ಚುನಾವಣೆ ಆಗುವವರೆಗೆ ಅದು ಜಾರಿಗೆ ಬರಬಾರದು ಎಂಬ ತಿದ್ದುಪಡಿ 1789ರಿಂದ ಮೂಲೆಯಲ್ಲಿ ಬಿದ್ದಿತ್ತು. 1982ರಲ್ಲಿ ಟೆಕ್ಸಾಸ್‌ನ ಒಬ್ಬ ಕಾಲೇಜು ವಿದ್ಯಾರ್ಥಿ ಅದನ್ನು ಹುಡುಕಿ ಪ್ರಬಂಧ ಬರೆದ. ಸಿಕ್ಕಿದ್ದು ಸಿ ಗ್ರೇಡ್. ಅವನು ಸುಮ್ನೆ ಕೂರಲಿಲ್ಲ. ರಾಜ್ಯ ಶಾಸನಸಭೆಗಳಿಗೆ ಕಾಗದದ ಮೇಲೆ ಕಾಗದ ಬರೆದ. 1992ರಲ್ಲಿ ಅದು 27ನೇ ತಿದ್ದುಪಡಿಯಾಯಿತು.

ವಿರೋಧ: ಹೋರಾಡಿದವರ ಹೆಸರನ್ನು ಬರೆದವರಿಗೆ ಕೊಡಬೇಡಿ

ಡಗ್ಲಸ್ ವಾದ ಮಾಡಿದರು, ಸರಿ. ಆದರೆ ಗುಲಾಮಗಿರಿ ಹೋಗಿದ್ದು ವಾದದಿಂದಲ್ಲ. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಅಂತರ್ಯುದ್ಧದಿಂದ. 1787ರ ಸಂವಿಧಾನ ಮಾಡಿದ್ದೇನು? ರಾಜ್ಯಗಳ ಜನಸಂಖ್ಯೆ ಲೆಕ್ಕ ಹಾಕುವಾಗ ಐದು ಗುಲಾಮರನ್ನು ಮೂರು ಜನ ಎಂದು ಎಣಿಸಿತು. ಓಡಿಹೋದವರನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕು ಎಂದಿತು. 1808ರವರೆಗೆ ಗುಲಾಮರ ಆಮದನ್ನು ನಿಲ್ಲಿಸದಂತೆ ಸಂಸತ್ತಿನ ಕೈ ಕಟ್ಟಿತು. ಎಲ್ಲರೂ ಸಮಾನರು ಎಂದು ಬರೆದ ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. 1987ರಲ್ಲಿ ಸಂವಿಧಾನದ ಇನ್ನೂರನೇ ವರ್ಷದ ಸಂಭ್ರಮ ನಡೆಯುವಾಗ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದನ್ನು ಬಾಯಿಬಿಟ್ಟು ಹೇಳಿದರು. ಆ ಸರ್ಕಾರ ಶುರುವಿನಿಂದಲೇ ದೋಷದ್ದು, ಅದನ್ನು ಸರಿಪಡಿಸಲು ತಿದ್ದುಪಡಿಗಳೂ ಒಂದು ಯುದ್ಧವೂ ಬೇಕಾದವು ಎಂದರು.

ಪೌರತ್ವದ ಮಾತಿಗೇ ಬರೋಣ. ಪೌರ ಯಾರು ಎಂದು 1787ರ ಬರಹ ಹೇಳಲೇ ಇಲ್ಲ. ಅದೇ ತಲೆಮಾರಿನವರು 1790ರಲ್ಲಿ ಮಾಡಿದ ಕಾನೂನು ಹೇಳಿತು: ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರತ್ವ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದ್ದ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನ ವಲಸೆ ಬರಬಹುದು ಎಂಬ ಮಿತಿಯೊಂದಿಗೆ. ಇಂದು ಪ್ರಮಾಣ ಮಾಡುವ ಕನ್ನಡಿಗರು ಆ ಕೋಣೆಯಲ್ಲಿ ನಿಂತಿರುವುದು ಆ ಕಾನೂನನ್ನು ಬದಲಿಸಲು ದುಡಿದವರ ಋಣದಿಂದ. ಸ್ಥಾಪಕರ ಕಾನೂನು ಹಾಗೇ ಉಳಿದಿದ್ದರೆ ಅವರು ಹೊರಗೇ ಇರುತ್ತಿದ್ದರು.

ಇನ್ನು ಇವತ್ತಿನ ತೊಂದರೆ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು ನಾಲ್ಕು ಕೋಟಿ ಜನ. ವಯೋಮಿಂಗ್‌ನಲ್ಲಿ ಆರು ಲಕ್ಷವೂ ಇಲ್ಲ. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎರಡಕ್ಕೂ ಇಬ್ಬಿಬ್ಬರೇ. 2000 ಮತ್ತು 2016ರಲ್ಲಿ ಎದುರಾಳಿಗಿಂತ ಕಡಿಮೆ ಮತ ಪಡೆದವರು ಎಲೆಕ್ಟೋರಲ್ ಕಾಲೇಜ್ (ರಾಜ್ಯವಾರು ಪ್ರತಿನಿಧಿಗಳು ಅಧ್ಯಕ್ಷರನ್ನು ಆರಿಸುವ ಪದ್ಧತಿ) ದಯೆಯಿಂದ ಅಧ್ಯಕ್ಷರಾದರು. ಬದಲಿಸೋಣ ಎಂದರೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. ಸೆನೆಟ್‌ನ ಸಮಪಾಲನ್ನಂತೂ ಆಯಾ ರಾಜ್ಯದ ಒಪ್ಪಿಗೆ ಇಲ್ಲದೆ ಕಸಿಯುವಂತಿಲ್ಲ. ಆ ವಿದ್ಯಾರ್ಥಿಯ ಕಥೆ ಚೆನ್ನಾಗಿದೆ, ಆದರೆ ಆ ತಿದ್ದುಪಡಿಗೆ 203 ವರ್ಷ ಹಿಡಿಯಿತು. ಹೊಸದಾಗಿ ಯೋಚಿಸಿ, ಮಂಡಿಸಿ, ಒಪ್ಪಿಸಿದ ಕೊನೆಯ ತಿದ್ದುಪಡಿ 1971ರದ್ದು, 18 ವರ್ಷಕ್ಕೆ ಮತದ ಹಕ್ಕು ಕೊಟ್ಟದ್ದು.

ಹೀಗಾಗಿ ಜನ ತಾವೇ ತೀರ್ಮಾನಿಸಬೇಕಾದ್ದನ್ನು ಒಂಬತ್ತು ನ್ಯಾಯಮೂರ್ತಿಗಳು ತೀರ್ಮಾನಿಸುತ್ತಾರೆ. ಬಂದೂಕು ಇಟ್ಟುಕೊಳ್ಳುವ ಹಕ್ಕಿನ 2008ರ ಪ್ರಕರಣದಲ್ಲಿ ಎರಡೂ ಬಣದ ನ್ಯಾಯಮೂರ್ತಿಗಳು 18ನೇ ಶತಮಾನದ ಇತಿಹಾಸ ಅಗೆದರು. ಐದು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ. ಮಗುವನ್ನು ಶಾಲೆಗೆ ಕಳಿಸಿ, ಅಲ್ಲಿ ಗುಂಡಿನ ದಾಳಿ ಆದೀತೆಂದು ಸಂಜೆಯವರೆಗೆ ಎದೆ ಹಿಡಿದು ಕೂರುವ ತಾಯಿಗೆ 1791ರಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದು ಯಾಕೆ ಬೇಕು?

ಬರೆದವರಿಗೂ ಈ ಭಕ್ತಿ ಇರಲಿಲ್ಲ. ಭೂಮಿ ಬದುಕಿರುವವರದ್ದು, ಪ್ರತಿ ಸಂವಿಧಾನವೂ 19 ವರ್ಷಕ್ಕೆ ಕೊನೆಯಾಗಲಿ ಎಂದು 1789ರಲ್ಲಿ ಮ್ಯಾಡಿಸನ್‌ಗೆ ಪತ್ರ ಬರೆದವರು ಇದೇ ಜೆಫರ್ಸನ್. 1787ರಲ್ಲಿ ಸೇರಿದವರನ್ನು ರಾಜ್ಯಗಳ ನಡುವಿನ ಹಳೆಯ ಒಪ್ಪಂದ ತಿದ್ದಿ ಎಂದು ಕಳಿಸಿದ್ದರು. ಅವರು ಅದನ್ನು ಪಕ್ಕಕ್ಕಿಟ್ಟು ಹೊಸದನ್ನೇ ಬರೆದರು.

ಈ ಬರಹವನ್ನು ಹೇಗೆ ಓದಬೇಕು ಎಂದು ತೋರಿಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬಿ. ಎನ್. ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರು 1947ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ನಮ್ಮ ಡ್ಯೂ ಪ್ರಾಸೆಸ್ ಕಲಮನ್ನು, ಅಂದರೆ ನ್ಯಾಯವಾದ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎಂಬ ಮಾತನ್ನು, ತಗೋಬೇಡಿ ಎಂದರು ಫ್ರಾಂಕ್‌ಫರ್ಟರ್. ಬೇಕರಿ ಕೆಲಸಗಾರರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಿಗೊಳಿಸಿದ ನ್ಯೂಯಾರ್ಕ್ ಕಾನೂನನ್ನು 1905ರಲ್ಲಿ ಕೋರ್ಟ್ ಹೊಡೆದುಹಾಕಿದ್ದು ಅದೇ ಮಾತನ್ನು ಮತ್ತೆ ಬರೆದ 1868ರ ತಿದ್ದುಪಡಿಯ ಬಲದಿಂದ. ರಾವ್ ನಮ್ಮಲ್ಲಿ ಆ ಮಾತನ್ನು ಕೈಬಿಡಲು ಸಲಹೆ ಕೊಟ್ಟರು. ನಮ್ಮ 21ನೇ ವಿಧಿಯಲ್ಲಿ ಆ ಮಾತಿಲ್ಲ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಕೋರ್ಟ್ ಅದೇ ಅರ್ಥಕ್ಕೆ ಹತ್ತಿರ ಬಂತು, ನಿಜ. ಆದರೆ ತುರ್ತು ಪರಿಸ್ಥಿತಿಯ ಕಹಿ ಉಂಡ ಮೇಲೆ, ನಮ್ಮದೇ ಕಾರಣಕ್ಕೆ ಬಂತು. 1791ರಲ್ಲಿ ಯಾರೋ ಹಾಗೆ ಬರೆದಿದ್ದರು ಎಂದು ಬರಲಿಲ್ಲ.